ಒದ್ದೆ ಬಣ್ಣದ ಹಿಂದೆ ಅಡಗಿದ ಗೋಡೆ

"ಸ್ವಲ್ಪ ವಾಟರ್‌ಕಲರ್ ಥರ ಮಾಡ್ಕೊಡಿ ಮೇಡಂ, ಫೀಲ್ ಬರಲಿ."

ಕಳೆದ ಮೂರು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ವಾಕ್ಯ ಇದು. ಹಗಲು ಹೊತ್ತು ಸಿನಿಮಾದ ಪೂರ್ವಸಿದ್ಧತೆಯ ಚಿತ್ರಗಳ ಬಗ್ಗೆ ಪಿಎಚ್‌.ಡಿ. ಪ್ರಬಂಧ ಬರೆಯುವ ನಾನು, ರಾತ್ರಿ ಅದೇ ಚಿತ್ರಗಳನ್ನು ಟ್ಯಾಬ್ಲೆಟ್ ಮೇಲೆ ಬರೆದುಕೊಟ್ಟು ಮನೆ ಬಾಡಿಗೆ ಕಟ್ಟುತ್ತೇನೆ. ಫೆಲೋಶಿಪ್ ಹಣ ತಿಂಗಳು ತಿಂಗಳು ಬರುವುದಿಲ್ಲ, ಬಾಡಿಗೆ ಮಾತ್ರ ತಿಂಗಳು ತಿಂಗಳು ಹೋಗುತ್ತದೆ. ಆದ್ದರಿಂದ ಈ ಬರಹದಲ್ಲಿ ನಾನು ಯಾರನ್ನು ಬೈಯಲು ಹೊರಟಿದ್ದೇನೋ ಅವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಎರಡು ವರ್ಷದ ಹಿಂದೆ ಒಂದು ಸಣ್ಣ ಬಜೆಟ್ಟಿನ ಚಿತ್ರಕ್ಕೆ ಅರವತ್ತನಾಲ್ಕು ಪ್ಯಾನೆಲ್ ಬರೆದೆ. ಅದರಲ್ಲಿ ಒಂದು ಎಲ್ಲರಿಗೂ ಇಷ್ಟವಾಯಿತು. ಹಳೆಯ ತೊಟ್ಟಿಮನೆ. ಮುಂಚೂಣಿಯಲ್ಲಿ ಒಲೆಯ ಮುಂದೆ ಕೂತ ಹೆಂಗಸು. ಅಡುಗೆಮನೆಯ ಬಾಗಿಲಿನಾಚೆ ತೊಟ್ಟಿಯೊಳಗೆ ಸುರಿಯುವ ಬೆಳಗಿನ ಬೆಳಕು. ಅದರಾಚೆ, ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತ ಗಂಡ. ಅವಳು ನೋಡುತ್ತಾಳೆ, ಅವನು ತಿರುಗುವುದಿಲ್ಲ. ಇಡೀ ಸಿನಿಮಾ ಆ ಒಂದು ಶಾಟಿನಲ್ಲಿತ್ತು. ಬಾಗಿಲಿಗೂ ತೊಟ್ಟಿಗೂ ನಡುವೆ ನಾನು ಹಳದಿಯನ್ನು ಒದ್ದೆಯ ಮೇಲೆ ಒದ್ದೆಯಾಗಿ ಹರಿಯಬಿಟ್ಟಿದ್ದೆ. ಅದು ಕಂದು ಬಣ್ಣದೊಳಗೆ ಮೆಲ್ಲಗೆ ಇಳಿದು ಅಂಚಿನಲ್ಲಿ ಕಪ್ಪುಗಟ್ಟಿ ನಿಂತಿತ್ತು. ನಿರ್ಮಾಪಕರು ಅದನ್ನು ತಮ್ಮ ಫೋನಿನ ವಾಲ್‌ಪೇಪರ್ ಮಾಡಿಕೊಂಡರು.

ಚಿತ್ರೀಕರಣದ ದಿನ ಕ್ಯಾಮೆರಾ ಒಲೆಯ ಪಕ್ಕ ಇಟ್ಟಾಗ ಜಗಲಿ ಕಾಣಲಿಲ್ಲ. ತೊಟ್ಟಿಯೂ ಕಾಣಲಿಲ್ಲ. ಎದುರಿಗೆ ದೇವರಮನೆಯ ಗೋಡೆ ನಿಂತಿತ್ತು. ಆ ಮನೆಯ ಅಡುಗೆಮನೆ ಬಾಗಿಲು ತೊಟ್ಟಿಗೆ ನೇರವಾಗಿ ತೆರೆಯುತ್ತಲೇ ಇರಲಿಲ್ಲ. ಮನೆಯ ಫೋಟೋಗಳು ನನ್ನ ಬಳಿ ಇದ್ದವು. ಪೆನ್ನಿನಲ್ಲಿ ಗೀಚಿದ ಒಂದು ನಕ್ಷೆಯೂ ಇತ್ತು. ಆದರೆ ಬಣ್ಣ ಹರಿಯಲು ಶುರುವಾದ ಮೇಲೆ ನಾನು ಅವನ್ನು ತೆರೆದು ನೋಡಲಿಲ್ಲ. ಎಲ್ಲಿ ಗೋಡೆ ಇರಬೇಕಿತ್ತೋ ಅಲ್ಲಿ ಬಣ್ಣ ಹರಿದಿತ್ತು, ಅಷ್ಟೆ. ಅರ್ಧ ದಿನ ಹೋಯಿತು. ಬೆಳಗಿನ ಬೆಳಕು ತೊಟ್ಟಿಯಿಂದ ಎದ್ದು ಹೋಯಿತು. ಲೊಕೇಶನ್ ನೋಡಿಕೊಂಡಿದ್ದ ಸಹಾಯಕ ನಿರ್ದೇಶಕ, ಇಪ್ಪತ್ತಮೂರರ ಹುಡುಗ, ನನ್ನ ತಪ್ಪಿಗೆ ಎಲ್ಲರೆದುರು ಬೈಸಿಕೊಂಡ. ಕೊನೆಗೆ ಒಂದು ಶಾಟ್ ಮೂರು ತುಂಡಾಯಿತು: ಅವಳು ನೋಡುತ್ತಾಳೆ, ತೊಟ್ಟಿ, ಅವನ ಬೆನ್ನು. ಸಿನಿಮಾ ನೋಡಿದವರಿಗೆ ಅವರಿಬ್ಬರೂ ಒಂದೇ ಮನೆಯಲ್ಲಿದ್ದಾರೆ ಎಂಬುದೇ ಅನಿಸುವುದಿಲ್ಲ. ಒಂದೇ ಮನೆಯಲ್ಲಿದ್ದೂ ದೂರ ಎಂಬುದು ಕತೆಯಾಗಿತ್ತು.

ಪೆಟ್ಟಿಗೆ ಹೊತ್ತು ಬಂದ ವಯಸ್ಸಾದ ಲೈಟ್‌ಮ್ಯಾನ್ ಒಬ್ಬರು ನನ್ನ ಪ್ರಿಂಟನ್ನೂ ಗೋಡೆಯನ್ನೂ ಒಮ್ಮೆ ನೋಡಿ ಕೇಳಿದರು: "ಈ ಗೋಡೆ ನಿಮ್ಮ ಚಿತ್ರದಲ್ಲಿ ಎಲ್ಲೋಯ್ತಮ್ಮಾ?"

ಆ ಪ್ರಶ್ನೆಗೆ ಉತ್ತರ ಕೊಡಲು ಈ ಲೇಖನ.

ಸ್ಟೋರಿಬೋರ್ಡ್ ಎಂದರೆ ಚಿತ್ರೀಕರಣಕ್ಕೆ ಮೊದಲು ಪ್ರತಿ ಶಾಟನ್ನೂ ಚೌಕಟ್ಟು ಚೌಕಟ್ಟಾಗಿ ಬರೆದುಕೊಳ್ಳುವುದು. ಅದರ ಹುಟ್ಟಿನ ಕತೆಯನ್ನು ಸಾಮಾನ್ಯವಾಗಿ 1930ರ ದಶಕದ ಆರಂಭದ ಡಿಸ್ನಿ ಸ್ಟುಡಿಯೋಗೆ ಕೊಂಡೊಯ್ಯುತ್ತಾರೆ. ವೆಬ್ ಸ್ಮಿತ್ ಎಂಬ ಕಲಾವಿದ ದೃಶ್ಯಗಳನ್ನು ಬಿಡಿ ಬಿಡಿ ಹಾಳೆಗಳಲ್ಲಿ ಬರೆದು ಗೋಡೆಗೆ ಸಾಲಾಗಿ ಪಿನ್ ಹೊಡೆಯುತ್ತಿದ್ದರಂತೆ. 1933ರ 'ತ್ರೀ ಲಿಟಲ್ ಪಿಗ್ಸ್' ಹೊತ್ತಿಗೆ ಅದು ಪದ್ಧತಿಯಾಯಿತು. ಈ ಕತೆಯಲ್ಲಿ ನನಗೆ ಚಿತ್ರಕ್ಕಿಂತ ಪಿನ್ನೇ ಮುಖ್ಯ. ಪಿನ್ ಹೊಡೆದದ್ದು ಕಿತ್ತು ಹಾಕುವುದಕ್ಕೆ. ಈ ಹಾಳೆ ಇಲ್ಲಿ ಬೇಡ, ಅಲ್ಲಿರಲಿ. ಇದು ಬೇಡವೇ ಬೇಡ, ಕಸದ ಬುಟ್ಟಿಗಿರಲಿ. ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಪಾತ್ರ ಯಾವ ಕಡೆಯಿಂದ ಒಳಗೆ ಬರಬೇಕು, ಈ ಶಾಟಿನಿಂದ ಮುಂದಿನ ಶಾಟಿಗೆ ಕಣ್ಣು ಎಲ್ಲಿಂದ ಎಲ್ಲಿಗೆ ಜಿಗಿಯಬೇಕು: ಇವನ್ನು ಅಗ್ಗದಲ್ಲಿ ತಪ್ಪು ಮಾಡಿ ಕಲಿಯುವ ಜಾಗ ಅದು. ಸೆಟ್ಟಿನಲ್ಲಿ ಮಾಡಿದ ತಪ್ಪಿಗೆ ನೂರು ಜನರ ಕಾಲ್‌ಶೀಟ್ ದಂಡ. ಹಾಳೆಯ ಮೇಲೆ ಮಾಡಿದ ತಪ್ಪಿಗೆ ಒಂದು ಹಾಳೆ ದಂಡ.

ಯಾವ ಪ್ಯಾನೆಲ್ ಕಿತ್ತು ಹಾಕಲು ಮನಸ್ಸು ಬರುವುದಿಲ್ಲವೋ ಅದು ಸ್ಟೋರಿಬೋರ್ಡಿನ ಕೆಲಸ ಮಾಡುವುದಿಲ್ಲ. ಸೌಂದರ್ಯ ಇಲ್ಲಿ ಮಾಡುವ ಮೊದಲ ಅನಾಹುತ ಇದು. ನಾಲ್ಕು ಗಂಟೆ ಕೂತು ಬಣ್ಣ ತುಂಬಿದ ಚಿತ್ರವನ್ನು ನಿರ್ದೇಶಕರು ಪ್ರಶ್ನಿಸುವುದಿಲ್ಲ, ಬರೆದವಳೂ ಪ್ರಶ್ನಿಸಿಕೊಳ್ಳುವುದಿಲ್ಲ. ಎಲ್ಲರೂ ತಲೆದೂಗುತ್ತಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಡೆಯಬೇಕು. ನಾನು ಡಿಜಿಟಲ್ ಬಣ್ಣದ ವಿರುದ್ಧ ಕಾಗದದ ಪರವಾಗಿ ಮಾತಾಡುತ್ತಿಲ್ಲ. ಆ ಜಗಳ ಕಲಾಶಾಲೆಗಳಲ್ಲಿ ಸಾಕಷ್ಟು ನಡೆದಿದೆ. 'ನೀರೇ ಇಲ್ಲದ ಜಲವರ್ಣ ಎಂಥ ಜಲವರ್ಣ' ಎಂದು ಮೂಗು ಮುರಿಯುವ ಹಿರಿಯರಿಗೆ ಆ ತಂತ್ರಾಂಶದೊಳಗೆ ಎಷ್ಟು ನೀರು ಹರಿದಿದೆ ಎಂಬುದು ಗೊತ್ತಿಲ್ಲ. 1997ರ ಸಿಗ್ರಾಫ್ ಸಮ್ಮೇಳನದಲ್ಲಿ ಕ್ಯಾಸಿಡಿ ಕರ್ಟಿಸ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಜಲವರ್ಣ ಮೂಡಿಸುವ ಬಗ್ಗೆ ಒಂದು ಪ್ರಬಂಧ ಮಂಡಿಸಿದರು. ಅವರು ಕಾಗದದ ಮೇಲಿನ ಬಣ್ಣವನ್ನು ಮೂರು ಪದರಗಳಾಗಿ ಕಲ್ಪಿಸಿಕೊಂಡರು: ಮೇಲೆ ತೆಳುವಾಗಿ ಹರಿಯುವ ನೀರು, ಅದರ ಕೆಳಗೆ ಬಣ್ಣದ ಕಣಗಳು ಕೂರುವ ಮತ್ತು ಏಳುವ ಪದರ, ಅದಕ್ಕೂ ಕೆಳಗೆ ಕಾಗದದ ನಾರು ನೀರನ್ನು ಹೀರಿಕೊಳ್ಳುವ ಪದರ. ಕಾಗದದ ಮೇಲೆ ಕಲೆಯ ಅಂಚು ಯಾಕೆ ಗಾಢವಾಗುತ್ತದೆ? ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ, ಆ ನಷ್ಟ ತುಂಬಲು ನಡುವಿನ ನೀರು ಅಂಚಿನತ್ತ ಹರಿಯುತ್ತದೆ, ಹರಿಯುವಾಗ ಬಣ್ಣದ ಕಣಗಳನ್ನೂ ಎಳೆದೊಯ್ಯುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಉಳಿಯುವ ಉಂಗುರವೂ ಇದೇ. ಇದನ್ನೆಲ್ಲ ಲೆಕ್ಕಕ್ಕೆ ಇಳಿಸಿ ಪರದೆಯ ಮೇಲೆ ತಂದವರನ್ನು ಮೋಸಗಾರರು ಎನ್ನಲಾಗದು. ಅವರು ಒದ್ದೆ ಕಾಗದವನ್ನು ನಮ್ಮೆಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವರು.

ಇವತ್ತು ಅದರ ಮೊಮ್ಮಕ್ಕಳು ನಮ್ಮ ಕೈಯಲ್ಲಿವೆ. ರೆಬೆಲ್‌ನಲ್ಲಿ ಬಣ್ಣ ತಾನೇ ಹರಿಯುತ್ತದೆ, ಒಣಗುತ್ತದೆ. ಫ್ರೆಸ್ಕೋದಲ್ಲಿ ಬ್ರಶ್ ಮುಟ್ಟಿದ ಕಡೆ ಹರಡುತ್ತದೆ. ಪ್ರೊಕ್ರಿಯೇಟ್ ಐಪ್ಯಾಡಿಗೆ ಬಂದದ್ದು 2011ರಲ್ಲಿ. ಕ್ರಿತಾ ಉಚಿತ, ಅದರ ಮೂಲ ಸಂಕೇತವೂ ಮುಕ್ತ. ಐಪ್ಯಾಡ್ ಕೊಳ್ಳಲಾಗದ ನನ್ನಂಥವರು ಹಳೆಯ ಲ್ಯಾಪ್‌ಟಾಪಿಗೆ ಅಗ್ಗದ ಪೆನ್ ಟ್ಯಾಬ್ಲೆಟ್ ಸಿಕ್ಕಿಸಿ ಅನ್ನ ಸಂಪಾದಿಸುತ್ತಿರುವುದು ಅದರಿಂದ. ಸ್ಟೋರಿಬೋರ್ಡರ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ಯಾನೆಲ್‌ಗಳನ್ನು ಸಾಲಾಗಿಟ್ಟು, ಒಂದೊಂದಕ್ಕೂ ಎಷ್ಟು ಸೆಕೆಂಡು ಎಂದು ಹೇಳಿ, ಓಡಿಸಿಯೂ ನೋಡಬಹುದು. ಹಳೆಯ ಪಿನ್ನಿನ ಕೆಲಸವನ್ನೇ ಇವು ಇನ್ನಷ್ಟು ಸಲೀಸು ಮಾಡಿವೆ. ಇವುಗಳ ಮೇಲೆ ನನಗೆ ದೂರಿಲ್ಲ.

ನನ್ನ ದೂರು ಬೇರೆ. ಕಾಗದದ ಮೇಲೆ ಬಣ್ಣ ಹರಿಯಬಿಡುವುದಕ್ಕೆ ಒಂದು ಬೆಲೆಯಿತ್ತು. ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ. ಅದನ್ನು ಆಮೇಲೆ ಹಚ್ಚಲು ಬರುವುದಿಲ್ಲ, ಮೊದಲೇ ಬಿಟ್ಟುಕೊಳ್ಳಬೇಕು. ತಿಳಿಯಿಂದ ಗಾಢಕ್ಕೆ ಹೋಗಬಹುದೇ ಹೊರತು ಹಿಂದೆ ಬರುವುದು ಕಷ್ಟ. ಆದ್ದರಿಂದ ಬ್ರಶ್ ಅದ್ದುವ ಮೊದಲೇ 'ಈ ಚಿತ್ರದಲ್ಲಿ ಬೆಳಕು ಎಲ್ಲಿಂದ ಬರುತ್ತದೆ' ಎಂಬ ಪ್ರಶ್ನೆಗೆ ಉತ್ತರ ಇರಲೇಬೇಕಿತ್ತು. ಬೆಂಗಳೂರಿನ ವೆಂಕಟಪ್ಪ ಕಲಾಶಾಲೆಯಲ್ಲಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ನಿಂತವರಿಗೆ ಇದು ಗೊತ್ತು. ಅಲ್ಲಿ ಮಂಜು ಇದೆ, ಆದರೆ ಯಾವುದೂ ಮಸುಕಿಲ್ಲ. ಮಂಜಿನ ಹಿಂದೆ ಯಾವ ಗುಡ್ಡ ಯಾವುದಕ್ಕಿಂತ ದೂರ ಎಂಬುದು ಖಚಿತವಾಗಿದೆ. ಗುಡ್ಡ ಎಲ್ಲಿದೆಯೆಂದು ತಿಳಿದವರು ಮಾತ್ರ ಅದನ್ನು ಹಾಗೆ ಮರೆಮಾಡಬಲ್ಲರು.

ಪರದೆಯ ಮೇಲೆ ಆ ಕಟ್ಟುಪಾಡಿಲ್ಲ. ಮೊದಲು ಕಪ್ಪು ಬಳಿದು ಅದರ ಮೇಲೆ ಬಿಳಿ ಎಳೆಯಬಹುದು. ಬೇಡವಾದರೆ ಎರಡು ಬೆರಳಿನ ತಟ್ಟು, ಎಲ್ಲ ಅಳಿಸಿತು. ಇದೇನೂ ಕೆಟ್ಟದ್ದಲ್ಲ. ಆದರೆ ಬೆಲೆ ಹೋದರೂ ಮರ್ಯಾದೆ ಮಾತ್ರ ಉಳಿದುಕೊಂಡಿದೆ. ಹರಿದ ಬಣ್ಣ, ಗಾಢವಾದ ಅಂಚು, ಕಾಗದದ ಒರಟು ಕಂಡೊಡನೆ ನೋಡುವವರು 'ಇದರಲ್ಲಿ ಮನಸ್ಸಿದೆ, ಸಂವೇದನೆಯಿದೆ' ಎಂದು ನಂಬುತ್ತಾರೆ. ಆ ನಂಬಿಕೆ ಹುಟ್ಟಿದ್ದು, ಒಂದು ಕಾಲದಲ್ಲಿ ಅದರ ಹಿಂದೆ ನಿರ್ಧಾರಗಳಿದ್ದವು ಎಂಬ ಕಾರಣಕ್ಕೆ. ಈಗ ಬ್ರಶ್ಶಿನ ಪಟ್ಟಿಯಲ್ಲಿ ಆರನೆಯದನ್ನು ಆರಿಸಿದರೆ ಅದೇ ಅಂಚು ಸಿಗುತ್ತದೆ, ನಿರ್ಧಾರ ಇಲ್ಲದೆಯೂ ಸಿಗುತ್ತದೆ. ಅಡುಗೆಗೆ ಉಪ್ಪು ಹುಳಿ ಬಿದ್ದಿದೆಯೋ ಇಲ್ಲವೋ ನೋಡದೆ ಮೇಲೊಂದು ಒಗ್ಗರಣೆ ಹಾಕಿ ಘಮ ಎಬ್ಬಿಸಿದ ಹಾಗೆ. 'ಫೀಲ್' ಎಂದು ಉದ್ಯಮ ಕೇಳುತ್ತಿರುವುದು ಈ ಒಗ್ಗರಣೆಯನ್ನು.

ಯಾಕೆ ಕೇಳುತ್ತದೆ? ಸ್ಟೋರಿಬೋರ್ಡಿನ ಓದುಗರು ಬದಲಾಗಿದ್ದಾರೆ. ಅದು ಬರೆಯಬೇಕಾದದ್ದು ಛಾಯಾಗ್ರಾಹಕರಿಗೆ, ಕಲಾ ನಿರ್ದೇಶಕರಿಗೆ, ಸಂಕಲನಕಾರರಿಗೆ, ಟ್ರಾಲಿ ತಳ್ಳುವವರಿಗೆ. ಈಗ ಅದು ಮೊದಲು ಹೋಗುವುದು ಹಣ ಹಾಕುವವರ ಮುಂದಿನ ಪಿಚ್ ಡೆಕ್ಕಿಗೆ. ಅಲ್ಲಿ ಗೋಡೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಡೆಕ್ಕಿಗೆ ಬರೆದ ಅದೇ ಚಿತ್ರವನ್ನು ಆಮೇಲೆ ಸೆಟ್ಟಿಗೂ ಒಯ್ಯುತ್ತಾರೆ, ಇನ್ನೊಮ್ಮೆ ಬರೆಸಲು ಬಜೆಟ್ ಇಲ್ಲವೆಂದು. ಮದುವೆಯ ಕರೆಯೋಲೆಯನ್ನೇ ಛತ್ರದ ನಕ್ಷೆ ಎಂದುಕೊಂಡು ಚಪ್ಪರ ಹಾಕಲು ಹೊರಟ ಹಾಗೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಖಂಡಿತ ಬರುತ್ತದೆ, ನನ್ನ ಮಾರ್ಗದರ್ಶಕರೂ ಎತ್ತಿದ್ದರು: "ಹಾಗಾದರೆ ರೇ? ಕುರೊಸಾವಾ? ಅವರೂ ಚಂದ ಬರೆದವರೇ ಅಲ್ಲವೇನಮ್ಮ?"

ನ್ಯಾಯವಾದ ಪ್ರಶ್ನೆ. ಸತ್ಯಜಿತ್ ರೇ ಜಾಹೀರಾತು ಕಂಪನಿಯಲ್ಲಿ ಕಲಾವಿದರಾಗಿದ್ದವರು. 1955ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಗೆ ಅವರ ಬಳಿ ರೂಢಿಯ ಅರ್ಥದ ಪೂರ್ಣ ಚಿತ್ರಕತೆಯೇ ಇರಲಿಲ್ಲ. ಇದ್ದದ್ದು ಟಿಪ್ಪಣಿಗಳು ಮತ್ತು ಕಪ್ಪು ಬಿಳುಪಿನ ಚಿತ್ರಗಳ ಒಂದು ಪುಸ್ತಕ. ಅದನ್ನು ಹಿಡಿದು ಅವರೂ ನಿರ್ಮಾಪಕರ ಬಾಗಿಲಿಗೆ ಅಲೆದರು, ಅಂದರೆ ಅದೂ ಪಿಚ್ ಡೆಕ್ಕೇ! ಇದನ್ನು ಮುಚ್ಚಿಟ್ಟು ವಾದ ಮಾಡಲಾರೆ. ಆದರೆ ಆ ಪುಸ್ತಕ 2016ರಲ್ಲಿ ಅಚ್ಚಾಗಿ ಬಂದಿದೆ, ತೆರೆದು ನೋಡಿ. ಚಿತ್ರಗಳು ಮೋಹಕ, ಹೌದು. ಆದರೆ ಅವು ಮೊದಲಿಗೆ ಶಾಟುಗಳು. ಯಾರು ಹತ್ತಿರ, ಯಾರು ದೂರ, ಎಲ್ಲಿ ಕತ್ತಲು ಎಂಬುದು ಅಲ್ಲಿ ಇತ್ಯರ್ಥವಾಗಿದೆ. ಕೊಳ್ಳುವವರಿಗೆ ತೋರಿಸಿದ ಚಿತ್ರವೂ ಮಾಡುವವರಿಗೆ ಬೇಕಾದ ಚಿತ್ರವೂ ಒಂದೇ ಆಗಿದ್ದವು. ನನ್ನ ತೊಟ್ಟಿಮನೆ ಚಿತ್ರದಲ್ಲಿ ಅವು ಬೇರೆ ಬೇರೆಯಾಗಿದ್ದವು, ಅಪರಾಧ ಅದು.

ಕುರೊಸಾವಾ ಯೌವನದಲ್ಲಿ ಚಿತ್ರಕಾರನಾಗಲು ಹೊರಟವರು. 'ಕಾಗೆಮುಶಾ'ಗೆ ಹಣ ಸಿಗದೆ ಕೂತಿದ್ದ ಕಾಲದಲ್ಲಿ, ಈ ಸಿನಿಮಾ ಆಗದೇ ಹೋದರೆ ಇದಾದರೂ ಉಳಿಯಲಿ ಎಂಬಂತೆ ಬಣ್ಣ ಹಚ್ಚಿದರು. ಆಮೇಲೆ ಕೊಪ್ಪೊಲಾ ಮತ್ತು ಲೂಕಾಸ್ ನೆರವಿನಿಂದ ಅದು 1980ರಲ್ಲಿ ಹೊರಬಂತು, 1985ರಲ್ಲಿ 'ರಾನ್' ಬಂತು. ಅವರ ಚಿತ್ರಗಳಲ್ಲಿ ಬಣ್ಣ ಯಾವುದನ್ನೂ ಅಡಗಿಸುವುದಿಲ್ಲ. ಯಾವ ಸೈನ್ಯ ಯಾವ ಬಣ್ಣ ಎಂಬುದು 'ರಾನ್'ನಲ್ಲಿ ಯುದ್ಧದ ವ್ಯಾಕರಣವೇ ಆಗಿದೆ. 1939ರ 'ಗಾನ್ ವಿತ್ ದ ವಿಂಡ್'ಗೆ ವಿಲಿಯಂ ಕ್ಯಾಮೆರಾನ್ ಮೆಂಜಿಸ್ ಮಾಡಿದ್ದೂ ಇದನ್ನೇ. ಆ ಚಿತ್ರಕ್ಕಾಗಿ ಅವರಿಗೆ ಅಕಾಡೆಮಿ ಕೊಟ್ಟ ವಿಶೇಷ ಗೌರವ, ನಾಟಕೀಯ ಭಾವವನ್ನು ಹೆಚ್ಚಿಸುವಂತೆ ಬಣ್ಣವನ್ನು ಬಳಸಿದ್ದಕ್ಕೆ. ಬಣ್ಣ ಬೇಡ ಎಂದು ನಾನು ಹೇಳುತ್ತಿಲ್ಲ. ಬಣ್ಣವೂ ಒಂದು ನಿರ್ಧಾರವಾಗಿರಲಿ ಎನ್ನುತ್ತಿದ್ದೇನೆ. ಸಂಜೆಯ ಕೆಂಪು ಕತೆಗೆ ಬೇಕಿದ್ದರೆ ಹಚ್ಚಿ. ಪ್ಯಾನೆಲ್ ಖಾಲಿ ಕಾಣುತ್ತದೆ ಎಂದು ಹಚ್ಚಬೇಡಿ.

ಈಗ ಇನ್ನೊಂದು ಮಾತು, ಇದು ನನ್ನ ವೃತ್ತಿಯವರಿಗೇ ಕಹಿಯಾದದ್ದು. ಕಳೆದ ವರ್ಷದಿಂದ ನನಗೆ ಬರುತ್ತಿದ್ದ ಕೆಲಸ ಅರ್ಧಕ್ಕಿಳಿದಿದೆ. ನಾಲ್ಕು ಸಾಲು ವಿವರಣೆ ಟೈಪ್ ಮಾಡಿ 'ಜಲವರ್ಣ ಶೈಲಿ' ಎಂದು ಸೇರಿಸಿದರೆ ಯಂತ್ರ ನಿಮಿಷದೊಳಗೆ ನಾಲ್ಕು ಚಿತ್ರ ಕೊಡುತ್ತದೆ. ಕಲಾವಿದರು ಸಿಟ್ಟಾಗಿದ್ದಾರೆ. ಯಾರು ಯಾರದೋ ಚಿತ್ರಗಳನ್ನು ಕೇಳದೆ ನುಂಗಿ ಯಂತ್ರ ಕಲಿತಿದೆ ಎಂಬ ಸಿಟ್ಟು ನ್ಯಾಯವಾದದ್ದೇ, ಅದರಲ್ಲಿ ನಾನೂ ಇದ್ದೇನೆ. ಆದರೆ ಅಷ್ಟಕ್ಕೇ ನಿಂತರೆ ನಮ್ಮ ಪಾಲಿನ ಲೆಕ್ಕ ತಪ್ಪುತ್ತದೆ. ನಾವು ಇಷ್ಟು ವರ್ಷ ಮಾರಿದ್ದೇನು? ಜಾಗದ ತಿಳಿವಳಿಕೆಯನ್ನೇ, ಶಾಟಿನಿಂದ ಶಾಟಿಗೆ ಸಾಗುವ ಯೋಚನೆಯನ್ನೇ? ಅಲ್ಲ, ಫೀಲ್ ಮಾರಿದೆವು. ಗೋಡೆ ಎಲ್ಲಿದೆ ಎಂದು ತಿಳಿಯದ ಚಂದದ ಚಿತ್ರವೇ ಸಾಕು ಎಂದು ಗಿರಾಕಿಗೆ ರೂಢಿ ಮಾಡಿಸಿದವರು ನಾವೇ. ಗೋಡೆ ಎಲ್ಲಿದೆ ಎಂದು ತಿಳಿಯದ ಚಂದದ ಚಿತ್ರವನ್ನು ನಮಗಿಂತ ಅಗ್ಗಕ್ಕೆ ಕೊಡುವ ಯಂತ್ರ ಬಂದಾಗ ಗಿರಾಕಿ ಅತ್ತ ಹೋದರೆ, ಅವರನ್ನೊಬ್ಬರನ್ನೇ ದೂರುವುದು ಹೇಗೆ?

ಸಂಶೋಧಕಿಯಾಗಿ ನನ್ನ ಕಷ್ಟ ಇನ್ನೊಂದು ಬಗೆಯದು. ಪ್ರಬಂಧಕ್ಕಾಗಿ ಕನ್ನಡ ಚಿತ್ರಗಳ ಸ್ಟೋರಿಬೋರ್ಡ್ ಕೇಳಿಕೊಂಡು ಹೋದಾಗ, ಕೊಡಲು ಮನಸ್ಸಿರುವವರೂ ಕೊಡುವುದು ಒಂದು ಪಿಡಿಎಫ್. ಪದರಗಳೆಲ್ಲ ಚಪ್ಪಟೆಯಾಗಿ ಒಂದಾದ, ಕೊನೆಯ, ಚಂದದ ಆವೃತ್ತಿ. ಬೇಡವೆಂದು ಬಿಟ್ಟ ಪ್ಯಾನೆಲ್‌ಗಳು ಎಲ್ಲಿ? "ಅವೆಲ್ಲ ಡಿಲೀಟ್ ಆಗಿವೆ." ಮೂಲ ಫೈಲ್? "ಆ ಹಾರ್ಡ್ ಡಿಸ್ಕ್ ಬೇರೆ ಪ್ರಾಜೆಕ್ಟಿಗೆ ಬೇಕಾಯ್ತು." ಬರೆದವರು ಯಾರು? ಒಂದು ಮೌನ, ಆಮೇಲೆ, "ಯಾರೋ ಒಬ್ಬ ಹುಡುಗ ಮಾಡಿಕೊಟ್ಟಿದ್ದ." ಟೈಟಲ್ ಕಾರ್ಡಿನಲ್ಲಿ ಊಟ ಒದಗಿಸಿದವರ ಹೆಸರಿದೆ, ಇರಬೇಕಾದದ್ದೇ. ಆ ಹುಡುಗನ ಹೆಸರಿಲ್ಲ. ಕಾಗದದಲ್ಲಿ ಅಳಿಸಿದ ಗೆರೆಯ ಗುರುತಾದರೂ ಉಳಿಯುತ್ತಿತ್ತು. ಪರದೆಯಲ್ಲಿ ಫೈಲ್ ಮುಚ್ಚಿದೊಡನೆ ಅನ್‌ಡೂ ಇತಿಹಾಸ ಹೋಗುತ್ತದೆ. ಜಪಾನಿನಲ್ಲಿ ಮಿಯಾಝಾಕಿಯವರ ಸ್ಟೋರಿಬೋರ್ಡುಗಳು ದಪ್ಪ ಪುಸ್ತಕಗಳಾಗಿ ಅಂಗಡಿಯಲ್ಲಿ ಸಿಗುತ್ತವೆ, ಓದಿ ಕಲಿತವರಿದ್ದಾರೆ. ನಮ್ಮಲ್ಲಿ 1964ರಿಂದ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಪೋಸ್ಟರ್, ಹಾಡಿನ ಪುಸ್ತಕ, ಸ್ಥಿರಚಿತ್ರಗಳು ಅಲ್ಲಿ ಸೇರಿವೆ. ನಾವು ಕೊಡಬೇಕೆಂದರೂ ಕೊಡಲು ನಮ್ಮಲ್ಲಿ ಏನಿದೆ? ಸಿನಿಮಾ ಹೇಗೆ ಯೋಚಿಸಿತು ಎಂಬುದರ ದಾಖಲೆ ತಪ್ಪಿದ ಪ್ಯಾನೆಲ್‌ಗಳಲ್ಲಿ ಇರುತ್ತದೆ. ಸರಿಯಾದದ್ದು ಹೇಗೂ ಸಿನಿಮಾದಲ್ಲೇ ಇದೆಯಲ್ಲ.

ಬೈದು ಸುಮ್ಮನಾಗುವುದು ಸುಲಭ, ಆದ್ದರಿಂದ ನಾನೀಗ ಮಾಡುತ್ತಿರುವುದನ್ನೂ ಹೇಳುತ್ತೇನೆ. ಮೊದಲು ಮನೆಯ ನಕ್ಷೆ, ಮೇಲಿನಿಂದ ಕಂಡಂತೆ. ಗೋಡೆ, ಬಾಗಿಲು, ಕಿಟಕಿ, ಕ್ಯಾಮೆರಾ ನಿಲ್ಲುವ ಜಾಗಕ್ಕೊಂದು ತ್ರಿಕೋನ. ಆಮೇಲೆ ಹೆಬ್ಬೆರಳ ಉಗುರಿನಷ್ಟು ಚಿಕ್ಕ ಚೌಕಟ್ಟುಗಳು, ಸಿನಿಮಾ ಯಾವ ಅಳತೆಯಲ್ಲಿದೆಯೋ ಅದೇ ಅಳತೆ, 2.39:1 ಆದರೆ ಅದೇ. ಚೌಕಟ್ಟಿನ ಆಕಾರ ತಪ್ಪಿದರೆ ಸಂಯೋಜನೆಯೇ ಸುಳ್ಳು. ಬೂದು ಬಣ್ಣದ ಮೂರೇ ಛಾಯೆ: ಬೆಳಕು, ನಡು, ಕತ್ತಲು. ಬಿಳಿಯನ್ನು ಹಚ್ಚುವುದಿಲ್ಲ, ಕಾಗದದಲ್ಲಿ ಬಿಡುವಂತೆ ಬಿಡುತ್ತೇನೆ. ಈ ನಿಯಮ ತಂತ್ರಾಂಶ ಹೇಳಿದ್ದಲ್ಲ, ನನಗೆ ನಾನೇ ಹಾಕಿಕೊಂಡದ್ದು. ಇಷ್ಟನ್ನು ನಿರ್ದೇಶಕರೂ ಛಾಯಾಗ್ರಾಹಕರೂ ನೋಡಿ ಜಗಳವಾಡಿದ ಮೇಲೆ, ಯಾವ ಪ್ಯಾನೆಲ್‌ನಲ್ಲಿ ಬೆಳಕೋ ಬಣ್ಣವೋ ಕತೆ ಹೇಳುತ್ತದೋ ಅದಕ್ಕೆ ಮಾತ್ರ ಜಲವರ್ಣದ ಪದರ. ಅರವತ್ತರಲ್ಲಿ ಆರೋ ಏಳೋ ಇರುತ್ತವೆ. ಬಿಟ್ಟ ಪ್ಯಾನೆಲ್‌ಗಳು 'ಬೇಡವಾದದ್ದು' ಎಂಬ ಫೋಲ್ಡರಿಗೆ ದಿನಾಂಕದೊಂದಿಗೆ ಹೋಗುತ್ತವೆ. ಹೆಸರು ಟೈಟಲ್ ಕಾರ್ಡಿನಲ್ಲಿ ಬರಬೇಕೆಂದು ಮುಂಗಡ ತೆಗೆದುಕೊಳ್ಳುವ ಮೊದಲೇ ಬರೆಸಿಕೊಳ್ಳುತ್ತೇನೆ. ಇದರಿಂದ ಎರಡು ಕೆಲಸ ಕೈತಪ್ಪಿವೆ. ಒಬ್ಬರು "ನಿಮ್ಮ ಮೊದಲಿನ ಸ್ಟೈಲೇ ಚೆನ್ನಾಗಿತ್ತು" ಎಂದು ಹೋದರು.

ಚೆನ್ನಾಗಿತ್ತು, ನಿಜ. ಆ ತೊಟ್ಟಿಮನೆಯ ಪ್ಯಾನೆಲ್ ಈಗಲೂ ನನ್ನ ಬಳಿಯಿದೆ. ಹೋದ ತಿಂಗಳು ಅದರ ಮೂಲ ಫೈಲ್ ತೆರೆದು, ಬಣ್ಣದ ಪದರವನ್ನು ಆರಿಸಿ ಮುಚ್ಚಿದೆ. ಕೆಳಗೆ ಪೆನ್ಸಿಲ್ ಪದರ ಮಾತ್ರ ಉಳಿಯಿತು. ಒಲೆ ಇತ್ತು, ಹೆಂಗಸು ಇದ್ದಳು, ದೂರದಲ್ಲಿ ಜಗಲಿಯೂ ಬೆನ್ನೂ ಇದ್ದವು. ನಡುವೆ, ಬಾಗಿಲಿಗೂ ತೊಟ್ಟಿಗೂ ನಡುವೆ, ಒಂದೇ ಒಂದು ಗೆರೆಯೂ ಇರಲಿಲ್ಲ. ನಾನು ಅಲ್ಲಿ ಏನನ್ನೂ ಬರೆದೇ ಇರಲಿಲ್ಲ.